ಗಾಳಿಗೆ ಬೆನ್ನು, ಇಳಿಜಾರಿಗೆ ಕಣ್ಣು

ಚಳಿಗಾಲದ ಒಂದು ಸಂಜೆ ಗುಳೇದಗುಡ್ಡದ ಮಗ್ಗಗಳ ಸದ್ದು ಅಡಗುವ ಹೊತ್ತಿಗೆ ಊರ ಮಗ್ಗುಲಿನ ಗುಡ್ಡವನ್ನು ಏರಿ, ಒಂದು ಬಂಡೆಯ ಮೇಲೆ ಕುಳಿತು ಕೆಳಗೆ ನೋಡಬೇಕು. ಎಲ್ಲಿಯಾದರೂ ಒಲೆಯ ಹೊಗೆಯೋ ಕಸ ಸುಟ್ಟ ಹೊಗೆಯೋ ಎದ್ದಿದ್ದರೆ ಅದು ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ. ಮಾಳಿಗೆಗಳ ಮಟ್ಟದಲ್ಲಿಯೇ ಬಾಗಿ, ತಗ್ಗಿನ ಕಡೆಗೆ ನೀರಿನಂತೆ ಹರಿದು ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಬಿಸಿಲು ಏರಿ ಕಲ್ಲು ಕಾದ ಮೇಲೆ ಅಲ್ಲಿಯೇ ಒಂದು ಊದಿನಕಡ್ಡಿ ಹಚ್ಚಿದರೆ, ಅದರ ಎಳೆ ಇಳಿಜಾರನ್ನು ತಡವುತ್ತ ನೆತ್ತಿಯ ಕಡೆಗೆ ಏರುವುದನ್ನು ಕಾಣಬಹುದು. ಹಗಲು ಗುಡ್ಡ ಉಸಿರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಇರುಳು ಕೆಳಕ್ಕೆ ಬಿಡುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರುವುದು, ತಣಿದ ನೆಲದ ಮೇಲಿನ ಗಾಳಿ ಭಾರವಾಗಿ ಇಳಿಯುವುದು, ಇಷ್ಟೇ ಇದರ ಮರ್ಮ.

ಈ ಸಂಗತಿ ತಿಳಿಯದಿದ್ದರೆ ನಮಗೆ ನಷ್ಟವೇನೂ ಇಲ್ಲ. ಬಹಳವಾದರೆ ಅಂಗಳದಲ್ಲಿ ಮಲಗಿದವರ ಮುಖಕ್ಕೆ ಒಂದಿಷ್ಟು ಹೊಗೆ ಬಡಿದೀತು. ಆದರೆ ಇದೇ ಬಾಗಲಕೋಟೆ ಜಿಲ್ಲೆಯಲ್ಲಿ, ಎರಡಡಿಗೆ ತುಸು ಹೆಚ್ಚು ಎತ್ತರದ, ಇಪ್ಪತ್ತು ಕಿಲೋ ಚಿಲ್ಲರೆ ತೂಕದ ಒಂದು ಬಡಪ್ರಾಣಿಗೆ ಈ ಉಸಿರಿನ ದಿಕ್ಕು ತಿಳಿಯುವುದೆಂದರೆ ಬದುಕು, ತಪ್ಪುವುದೆಂದರೆ ಸಾವು. ಅದು ಪ್ರತಿದಿನವೂ ನೆಲಕ್ಕೆ ಮೊಳಕಾಲೂರಿ ಮಲಗುವ ಮುನ್ನ ಗಾಳಿಯನ್ನೂ ನೆಲವನ್ನೂ ಕೂಡಿಸಿ ಒಂದು ಲೆಕ್ಕ ಹಾಕುತ್ತದೆ. ಆ ಲೆಕ್ಕದ ವಿಷಯವೇ ಈ ಲೇಖನ.

ಗುಳೇದಗುಡ್ಡದಿಂದ ವಾಯವ್ಯಕ್ಕೆ ಹೊರಟು, ಬಾಗಲಕೋಟೆಯನ್ನು ಹಿಂದೆ ಹಾಕಿ, ಘಟಪ್ರಭೆಯನ್ನು ದಾಟಿದರೆ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಕಲ್ಲುದಿಬ್ಬಗಳ ಸೀಮೆ ಸಿಕ್ಕುತ್ತದೆ. ಕಾಡು ಎಂದೊಡನೆ ಮಲೆನಾಡನ್ನು ನೆನೆಯುವವರು ಇದನ್ನು ಕಂಡು ನಕ್ಕಾರು. ಕುರುಚಲು, ಮುಳ್ಳುಪೊದೆ, ಬಂಡೆ, ಒಣಹುಲ್ಲು, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳು. ಇಲ್ಲಿಯ ಸುಮಾರು 96 ಚದರ ಕಿಲೋಮೀಟರು ನೆಲವನ್ನು ಸರ್ಕಾರವು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಸಾರಿತು. ಹುಲಿ ಆನೆಗಳ ಹೆಸರಿನಲ್ಲಿ ಪ್ರಸಿದ್ಧವಾದ ಕಾಡುಗಳು ನಮ್ಮ ನಾಡಿನಲ್ಲಿ ಹಲವಿವೆ, ಚಿಂಕಾರದ ಹೆಸರಿನಲ್ಲಿ ನೆಲ ಕಾದಿರಿಸಿದ್ದು ವಿರಳ. ಮೂರು ವರ್ಷಗಳ ತರುವಾಯ, 2019ರಲ್ಲಿ, ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣಕ್ಕೂ ಅದೇ ಭಾಗ್ಯ ಬಂದಿತು.

ಚಿಂಕಾರವನ್ನು ಜಿಂಕೆಯೆಂದು ಕರೆಯುವುದು ರೂಢಿ. ಶಾಸ್ತ್ರಜ್ಞರು ಮಾತ್ರ ಇದನ್ನು ಒಪ್ಪುವುದಿಲ್ಲ. ಜಿಂಕೆಯ ಗಂಡಿಗೆ ಕವಲೊಡೆದ ಕೊಂಬು ಬಂದು ಉದುರಿ ಮತ್ತೆ ಬರುವುದು. ಚಿಂಕಾರದ ಉಂಗುರ ಉಂಗುರದ ಕೊಂಬು ಒಮ್ಮೆ ಬಂದರೆ ಜೀವವಿರುವವರೆಗೂ ಇರುವುದು, ಹೆಣ್ಣಿಗೂ ಸಣ್ಣ ಕೊಂಬುಗಳುಂಟು. ಆದಕಾರಣ ಇದು ಕೃಷ್ಣಮೃಗದ ನಂಟಸ್ತಿಕೆಯದು. ಜೆರ್ಡನ್ ಎಂಬ ಆಂಗ್ಲ ವೈದ್ಯರು 1867ರಲ್ಲಿ ಭಾರತದ ಸಸ್ತನಿಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದರ ಕನ್ನಡದ ಹೆಸರುಗಳನ್ನು ಬುದಾರಿ, ಮುದಾರಿ ಎಂದು ಕೊಟ್ಟಿದ್ದಾರೆ. ಆ ಕಾಲದ ಬಿಳಿಯ ಬೇಟೆಗಾರರು ಇದನ್ನು ‘ಕೊರಕಲಿನ ಜಿಂಕೆ’ ಎಂಬರ್ಥದ ಹೆಸರಿನಿಂದ ಕರೆದರು. ಶಾಸ್ತ್ರಕ್ಕೆ ತಪ್ಪಾದರೂ ಆ ಹೆಸರು ಪ್ರಾಣಿಯ ಸ್ವಭಾವಕ್ಕೆ ಒಪ್ಪುವಂಥದು. ಅದೇಕೆಂಬುದು ಮುಂದೆ ತಿಳಿದೀತು.

ಇಷ್ಟಕ್ಕೂ ಶತ್ರುಗಳ ನಡುವೆ ಬಾಳುವ ಪ್ರಾಣಿ ಮಲಗಬೇಕೇಕೆ? ನಿಂತೇ ಇರಬಾರದೇ? ಉತ್ತರ ಅದರ ಹೊಟ್ಟೆಯಲ್ಲಿದೆ. ಮೆಲುಕು ಹಾಕುವ ಪ್ರಾಣಿಗಳೆಲ್ಲ ಬಯಲಿನಲ್ಲಿ ಅವಸರದಿಂದ ಮೇಯ್ದು, ಸರಿಯಾಗಿ ಅಗಿಯದೆ ನುಂಗಿ, ಹೊಟ್ಟೆಯ ಮೊದಲ ಕೋಣೆಯನ್ನು ತುಂಬಿಕೊಂಡು ಬರುವುವು. ಮೇಯುವಾಗ ತಲೆ ತಗ್ಗಿರುತ್ತದೆ, ಹೊಲವೋ ಬಯಲೋ ತೆರೆದಿರುತ್ತದೆ, ಅಪಾಯ ಹೆಚ್ಚು. ಆದುದರಿಂದ ತಿನ್ನುವುದನ್ನು ಬೇಗ ಮುಗಿಸಿ, ಅಗಿಯುವ ಕೆಲಸವನ್ನು ನಿರ್ಭಯವಾದ ಒಂದು ಎಡೆಗೆ ಮುಂದೂಡುವುದು ಅವುಗಳ ಉಪಾಯ. ಹಗಲಿನ ಬಹುಭಾಗ ಈ ಅಗಿಯುವಿಕೆಯಲ್ಲಿಯೇ ಕಳೆಯುತ್ತದೆ. ಕಣ್ಣು ಅರೆಮುಚ್ಚಿ ದವಡೆ ಆಡಿಸುತ್ತ ಕುಳಿತ ಆಕಳು ನಿದ್ರಿಸುತ್ತಿದೆಯೋ ಎಚ್ಚರವಿದೆಯೋ ಎಂದು ನಾವು ಸಂದೇಹಪಡುವುದುಂಟಷ್ಟೆ. ಸಂದೇಹ ನಿಜವೇ. ನಾರ್ವೆಯ ಹಿಮಸಾರಂಗಗಳ ಮಿದುಳಿನ ಮಿಡಿತವನ್ನು ಅಳೆದ ವಿಜ್ಞಾನಿಗಳು, ಮೆಲುಕು ಹಾಕುವಾಗ ಆ ಮಿಡಿತ ಲಘುನಿದ್ರೆಯ ಮಿಡಿತವನ್ನೇ ಹೋಲುವುದೆಂದೂ, ಹೆಚ್ಚು ಮೆಲುಕು ಹಾಕಿದ ಪ್ರಾಣಿಗೆ ಬೇರೆ ನಿದ್ರೆ ಕಡಿಮೆ ಸಾಕಾಗುವುದೆಂದೂ 2023ರಲ್ಲಿ ಪ್ರಕಟಿಸಿದರು. ಅಂದಮೇಲೆ ಮಲಗುವ ಎಡೆ ಎಂಬುದು ಜಿಂಕೆಗೆ ಅಡಿಗೆಮನೆಯೂ ಹೌದು, ಮಲಗುವ ಮನೆಯೂ ಹೌದು.

ಅಲ್ಲಿ ಮೂವರು ಕಾವಲುಗಾರರು ಬೇಕು: ಕಣ್ಣು, ಕಿವಿ, ಮೂಗು. ತಲೆಯ ಎರಡು ಬದಿಗಳಲ್ಲಿರುವ ಕಣ್ಣುಗಳ ಪಾಪೆ ಅಡ್ಡಗೆರೆಯಂತೆ ಚಪ್ಪಟೆಯಾಗಿದ್ದು, ನೆಲದ ಸುತ್ತಲಿನ ಅಂಚನ್ನೆಲ್ಲ ಒಂದೇ ನೋಟದಲ್ಲಿ ತುಂಬಿಕೊಳ್ಳುತ್ತದೆ. ಆದರೆ ಕಣ್ಣಿಗೆ ಬಂಡೆ ಅಡ್ಡ, ಪೊದೆ ಅಡ್ಡ, ಕತ್ತಲೆ ಅಡ್ಡ. ಕಿವಿ ಬೇಕಾದ ಕಡೆಗೆ ತಿರುಗುವುದು ನಿಜ, ಗಾಳಿ ಬೀಸಿ ಎಲೆ ಹುಲ್ಲು ಸದ್ದು ಮಾಡಿದರೆ ಅದೂ ಮಂಕಾಗುತ್ತದೆ. ಮೂಗಿಗೆ ಬಂಡೆಯೂ ಅಡ್ಡವಲ್ಲ, ಕತ್ತಲೆಯೂ ಅಡ್ಡವಲ್ಲ. ಆದರೆ ಅದಕ್ಕೂ ಒಂದು ಕೊರತೆಯಿದೆ. ಗಾಳಿ ಎತ್ತಣಿಂದ ಬರುವುದೋ ಅತ್ತಣ ಸುದ್ದಿ ಮಾತ್ರ ಅದಕ್ಕೆ ಮುಟ್ಟುವುದು, ಗಾಳಿ ಹೋಗುವ ಕಡೆಯಲ್ಲಿ ತೋಳವೇ ನಿಂತಿದ್ದರೂ ಮೂಗಿಗೆ ತಿಳಿಯದು. ಹಾಗಾದರೆ ಜಾಣತನವೇನು? ಮೂಗು ಕಾಯುವ ಕಡೆಗೆ ಬೆನ್ನು ಹಾಕುವುದು, ಮೂಗಿಗೆ ನಿಲುಕದ ಕಡೆಗೆ ಕಣ್ಣು ಹಾಯಿಸುವುದು.

ಅಮೆರಿಕೆಯ ಬಿಳಿಬಾಲದ ಜಿಂಕೆಯನ್ನು ತಲೆಮಾರುಗಳಿಂದ ಹಿಂಬಾಲಿಸಿದ ಬೇಟೆಗಾರರು ಕಂಡುಕೊಂಡದ್ದು ಇದನ್ನೇ. ಗುಡ್ಡಸಾಲಿನ ನಾಡಿನಲ್ಲಿ ಬಲಿತ ಗಂಡುಜಿಂಕೆ ಮಲಗುವುದು ನೆತ್ತಿಯ ಮೇಲಲ್ಲ, ಬುಡದಲ್ಲಿಯೂ ಅಲ್ಲ. ಗಾಳಿ ಬಡಿಯುವ ಮಗ್ಗುಲನ್ನು ಬಿಟ್ಟು ಗಾಳಿಮರೆಯ ಮಗ್ಗುಲಿಗೆ ಬಂದು, ನೆತ್ತಿಯಿಂದ ತುಸು ಕೆಳಗೆ, ಇಳಿಜಾರಿನ ಮೇಲಣ ಮೂರನೆಯ ಒಂದು ಪಾಲಿನಲ್ಲಿ ಜಾಗ ಹಿಡಿಯುತ್ತದೆ. ಬೆನ್ನು ನೆತ್ತಿಗೆ, ಮುಖ ಕಣಿವೆಗೆ. ನೆತ್ತಿಯ ಆಚೆಯಿಂದ ಯಾರು ಬಂದರೂ ಅವರ ವಾಸನೆಯನ್ನು ಗಾಳಿ ನೆತ್ತಿ ಹಾಯಿಸಿ ತಂದು ಮೂಗಿಗೆ ಒಪ್ಪಿಸುತ್ತದೆ. ಕೆಳಗಿನಿಂದ ಬರುವವರು ಕಣ್ಣಿಗೆ ಬೀಳುತ್ತಾರೆ. ಇಷ್ಟೇ ಅಲ್ಲ, ಬಿಸಿಲೇರಿದ ಮೇಲೆ ಕಣಿವೆಯ ಗಾಳಿಯೂ ಇಳಿಜಾರನ್ನು ಹಿಡಿದು ಮೇಲೇರುತ್ತದೆಯಲ್ಲವೇ? ನೆತ್ತಿ ದಾಟಿ ಇಳಿದ ಗಾಳಿಯೂ ಕಣಿವೆಯಿಂದ ಏರಿದ ಗಾಳಿಯೂ ಸಂಧಿಸುವ ಆ ಪಟ್ಟಿಯಲ್ಲಿ ಮಲಗಿದ ಪ್ರಾಣಿಗೆ ಎರಡು ಕಡೆಯ ಟಪಾಲು ಒಂದೇ ಅಂಚೆಪೆಟ್ಟಿಗೆಯಲ್ಲಿ ಬಿದ್ದಂತೆ. ನೆತ್ತಿಯ ಮೇಲೆಯೇ ಮಲಗಿದ್ದರೆ ಆಕಾಶಕ್ಕೆದುರಾಗಿ ಅದರ ಆಕಾರ ಹರದಾರಿ ದೂರಕ್ಕೆ ಕಂಡೀತು. ಬುಡದಲ್ಲಿದ್ದರೆ ಮೇಲಿನಿಂದ ಬಂದವನಿಗೆ ಅದು ಸುಲಭದ ತುತ್ತು.

ಈ ಏರ್ಪಾಡಿನಲ್ಲಿ ಎರಡು ಗಳಿಗೆಗಳು ಕೆಟ್ಟವು. ಬೆಳಗಿನ ಇಳಿಗಾಳಿ ನಿಂತು ಏರುಗಾಳಿ ಹುಟ್ಟುವ ಗಳಿಗೆ ಒಂದು, ಸಂಜೆಯ ಏರುಗಾಳಿ ಸತ್ತು ಇಳಿಗಾಳಿ ಹುಟ್ಟುವ ಗಳಿಗೆ ಇನ್ನೊಂದು. ಆಗ ಗಾಳಿಗೆ ದಿಕ್ಕೇ ಇರುವುದಿಲ್ಲ. ಊದಿನಕಡ್ಡಿಯ ಹೊಗೆ ಸುತ್ತಿ ಸುತ್ತಿ ಬಂದವರ ಮೂಗಿಗೇ ಬಡಿಯುತ್ತದೆ. ಕಾಡುಪ್ರಾಣಿಗಳ ಓಡಾಟವೂ ಬೇಟೆಯ ಸಂಭ್ರಮವೂ ಈ ಸಂಧಿಕಾಲಗಳಲ್ಲಿಯೇ ಹೆಚ್ಚು. ಅದಕ್ಕೆ ಬೆಳಕಿನ ಮಂಕು ಒಂದು ಕಾರಣ, ಬಿಸಿಲಿನ ತಾಪ ತಗ್ಗುವುದು ಇನ್ನೊಂದು. ಗಾಳಿಯ ಈ ತಡವರಿಕೆಯೂ ಬೇಟೆಯಾಡುವವನಿಗೆ ಒಂದಿಷ್ಟು ಸಹಾಯ ಮಾಡದೆ ಇರದು.

ಏಕೆಂದರೆ ಬೇಟೆಯಾಡುವ ಮೃಗಕ್ಕೂ ಗಾಳಿಯ ಪಾಠ ಚೆನ್ನಾಗಿ ಗೊತ್ತು. ಕುಮಾವೋನ್ ಬೆಟ್ಟಗಳ ನರಭಕ್ಷಕ ಹುಲಿಗಳನ್ನು ಕುರಿತ 1944ರ ಪ್ರಸಿದ್ಧ ಗ್ರಂಥದಲ್ಲಿ ಜಿಮ್ ಕಾರ್ಬೆಟ್ ಒಂದು ವಿನೋದದ, ಆದರೆ ಮೈನಡುಗಿಸುವ ಮಾತನ್ನು ಹೇಳಿದ್ದಾನೆ. ಮನುಷ್ಯನಿಗೆ ಘ್ರಾಣಶಕ್ತಿ ಇಲ್ಲವೆಂಬುದು ಹುಲಿಗೆ ತಿಳಿಯದಂತೆ. ಆದುದರಿಂದ ಅದು ಮನುಷ್ಯನನ್ನೂ ಜಿಂಕೆಯೆಂದೇ ಬಗೆದು, ತನ್ನ ವಾಸನೆ ಮುಟ್ಟದಂತೆ ಗಾಳಿಗೆ ಎದುರಾಗಿಯೇ ಬರುವುದಂತೆ. ಇದನ್ನು ತಿಳಿದ ಕಾರ್ಬೆಟ್ ಕಾಡಿನಲ್ಲಿ ನಡೆಯುವಾಗ ಯಾವ ಕಡೆಗೆ ಹೆಚ್ಚು ಎಚ್ಚರವಾಗಿರಬೇಕೆಂಬುದನ್ನು ಗಾಳಿ ನೋಡಿ ನಿಶ್ಚಯಿಸುತ್ತಿದ್ದ. ಗಾಳಿ ಹೋಗುವ ಕಡೆಯೇ ಅಪಾಯದ ಕಡೆ. ಮಲಗಿದ ಜಿಂಕೆ ಮುಖ ಮಾಡುವುದೂ ಅದೇ ಕಡೆಗೆ. ಒಬ್ಬ ನಿಪುಣ ಬೇಟೆಗಾರನೂ ಒಂದು ಮೂಕಪ್ರಾಣಿಯೂ ಒಂದೇ ಲೆಕ್ಕ ಮಾಡಿ ಒಂದೇ ಉತ್ತರಕ್ಕೆ ಬಂದಿದ್ದಾರೆ.

ಯಡಹಳ್ಳಿಯ ದಿಬ್ಬಗಳಲ್ಲಿ ಹುಲಿಯಿಲ್ಲ. ಅಲ್ಲಿಯ ಭಯ ತೋಳದ್ದು. ಮರಿಗಳಿಗೆ ನರಿಯ ಭಯವೂ ಉಂಟು. ಮತ್ತೆ, ಮುಧೋಳದ ಹೆಸರೆತ್ತಿದ ಮೇಲೆ ನಾಯಿಯನ್ನು ಮರೆತರೆ ಹೇಗೆ? ಘೋರ್ಪಡೆ ಅರಸರ ಆಶ್ರಯದಲ್ಲಿ ಕೀರ್ತಿಗೆ ಬಂದ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಕುಳಿತ ಮುಧೋಳ ನಾಯಿ ಇದೇ ಸೀಮೆಯದು. ಉದ್ದ ಮೂತಿ, ಬಿಲ್ಲಿನಂತೆ ಬಾಗಿದ ಬೆನ್ನು, ಒಳಕ್ಕೆ ಹೋದ ಹೊಟ್ಟೆ. ಮೂಗಿನಿಂದ ಜಾಡು ಹಿಡಿಯುವುದಕ್ಕಿಂತ ಕಣ್ಣಿನಿಂದ ಕಂಡು ಅಟ್ಟುವ ಜಾತಿ ಇದು. ಇಂಥ ನಾಯಿ ಇಂಥ ನಾಡಿನಲ್ಲಿಯೇ ಬೆಳೆದುಬಂದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಬಯಲು ಸೀಮೆಯಲ್ಲಿ ಕಂಡರೆ ಓಟ, ಕಾಣದಿದ್ದರೆ ಬದುಕು. ಗಾಳಿಯ ಲೆಕ್ಕ ಎಷ್ಟೇ ಸರಿಯಿದ್ದರೂ ಕಣ್ಣಿನಿಂದ ಬೇಟೆಯಾಡುವವನ ಎದುರಿಗೆ ಅದೊಂದೇ ಸಾಲದು. ಅಲ್ಲಿ ನೆಲದ ಮಡಿಕೆ ಬೇಕು.

‘ಕೊರಕಲಿನ ಜಿಂಕೆ’ ಎಂಬ ಹೆಸರಿನ ಅರ್ಥ ಇಲ್ಲಿ ಬಿಡಿಸುತ್ತದೆ. ಚಿಂಕಾರ ದೊಡ್ಡ ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿಯೋ ಎರಡು ಮೂರು ಸೇರಿಯೋ ಇರುತ್ತದೆ. ನೂರು ಕಣ್ಣುಗಳ ಕಾವಲು ಅದಕ್ಕಿಲ್ಲ. ಹಳ್ಳದ ದಂಡೆ, ಕೊರಕಲಿನ ಬಾಯಿ, ಬಂಡೆಯ ಮಗ್ಗುಲು, ಒಂಟಿ ಪೊದೆಯ ಬುಡ, ಇಂಥ ಮುರುಕು ನೆಲ ಅದಕ್ಕೆ ಮೆಚ್ಚು. ಮೈಬಣ್ಣ ಒಣಹುಲ್ಲು ಕೆಂಪುಮಣ್ಣುಗಳ ನಡುವೆ ಕರಗಿಹೋಗುತ್ತದೆ. ಅನುಮಾನ ಬಂದರೆ ಮುಂಗಾಲಿನಿಂದ ನೆಲ ಒದ್ದು, ಮೂಗಿನಿಂದ ಸೀನಿದಂಥ ಸದ್ದು ಮಾಡಿ, ಒಂದಿಷ್ಟು ದೂರ ಓಡಿ ನಿಂತು ತಿರುಗಿ ನೋಡುತ್ತದೆ. ಬೇಟೆಯ ಕಾಲದಲ್ಲಿ ಈ ತಿರುಗಿ ನೋಡುವ ಚಾಳಿಯೇ ಎಷ್ಟೋ ಚಿಂಕಾರಗಳ ಜೀವಕ್ಕೆ ಮುಳುವಾಗಿರಬೇಕು. ಕೋವಿಯ ಗುಂಡಿಗೆ ಗಾಳಿಯ ದಿಕ್ಕು ನೋಡುವ ಗರಜಿಲ್ಲ.

ನಮ್ಮ ಭಾಗದ ಗುಡ್ಡಗಳನ್ನು ಈ ಕಣ್ಣಿನಿಂದ ನೋಡಿದರೆ ಅವುಗಳ ರೂಪವೇ ಬೇರೆಯಾಗುತ್ತದೆ. ಬಾದಾಮಿ ಗುಳೇದಗುಡ್ಡಗಳ ಮರಳುಗಲ್ಲಿನ ಬೆಟ್ಟಗಳಿಗೆ ತಲೆ ಚಪ್ಪಟೆ, ಕೊರಳಿನಲ್ಲಿ ನೆಟ್ಟಗಿನ ಬಂಡೆಗೋಡೆ, ಅದರ ಕೆಳಗೆ ಉರುಳಿಬಿದ್ದ ಗುಂಡುಗಳ ಇಳಿಜಾರು. ಯಾತ್ರಿಕನಿಗೆ ಗೋಡೆಯಲ್ಲಿ ಚಾಲುಕ್ಯರ ಗುಹೆ ಕಾಣುವುದು, ಗಡಿಗೆದಾರನಿಗೆ ಕಲ್ಲು ಕಾಣುವುದು. ಮಲಗಲು ಎಡೆ ಹುಡುಕುವ ಪ್ರಾಣಿಯ ಪಾಲಿಗೆ ಆ ಗೋಡೆ ಬೆನ್ನಿನ ಕಾವಲು. ಮೇಲಿನಿಂದ ಸದ್ದಿಲ್ಲದೆ ಯಾರೂ ಇಳಿಯಲಾರರು. ಗುಂಡುಗಳ ನಡುವಿನ ಸಂದು ಗಾಳಿಮರೆ. ಕೆಳಗಿನ ಇಳಿಜಾರು ಕಾವಲುಗೋಪುರ. ಕೋಟೆ ಕಟ್ಟಿಸಿದ ಪಾಳೆಯಗಾರರು ಹುಡುಕಿದ್ದು ಇದಕ್ಕಿಂತ ಹೆಚ್ಚಿನದೇನನ್ನೂ ಅಲ್ಲ.

ಎಲ್ಲ ಮೃಗಗಳ ಲೆಕ್ಕವೂ ಒಂದೇ ಎಂದು ತಿಳಿಯಬಾರದು. ರಾಣೆಬೆನ್ನೂರಿನಲ್ಲಿ 1974ರಿಂದ ರಕ್ಷಿತವಾಗಿರುವ ಕೃಷ್ಣಮೃಗ, ಅಂದರೆ ನಮ್ಮ ಜನದ ಚಿಗರಿ, ಮರೆಯನ್ನು ನೆಚ್ಚುವುದಿಲ್ಲ. ಬಟ್ಟಬಯಲಿನ ನಡುವೆ ಹಿಂಡಾಗಿ ಮಲಗಿ, ತನ್ನ ಕಣ್ಣನ್ನೂ ಕಾಲನ್ನೂ ನೆಚ್ಚುತ್ತದೆ. ಬಂಡೀಪುರ ನಾಗರಹೊಳೆಗಳ ಚುಕ್ಕಿಜಿಂಕೆಗಳು ಹಗಲು ಮರದ ನೆರಳಿನಲ್ಲಿ ಕಳೆದು, ಇರುಳು ತೆರಪಿಗೆ, ಎಷ್ಟೋ ಸಲ ಅರಣ್ಯದ ವಸತಿಗೃಹಗಳ ಅಂಗಳಕ್ಕೇ, ಬಂದು ಮಲಗುವುವು. ಕಡವೆಯಾದರೋ ಇಳಿಜಾರಿನ ದಟ್ಟ ಪೊದೆಯನ್ನೇ ಹುಡುಕುವ ಒಂಟಿ ಸ್ವಭಾವದ್ದು. ಯುರೋಪಿನ ಕೆಲವು ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿಯ ಜಿಂಕೆಗಳು ಹಿಮದಲ್ಲಿ ಮಲಗೆದ್ದ ಗುರುತುಗಳನ್ನು ಅಳೆದು, ಅವು ದಿಕ್ಸೂಚಿಯ ಮುಳ್ಳಿನಂತೆ ಉತ್ತರ ದಕ್ಷಿಣವಾಗಿ ಮೈಚಾಚುವುವೆಂದು 2008ರಲ್ಲಿ ಸಾರಿದರು. ದನಗಳ ವಿಷಯದಲ್ಲಿ ಅವರು ಹೇಳಿದ್ದನ್ನು ಬೇರೆಯವರು ಪರೀಕ್ಷಿಸಿ ಒಪ್ಪಲಿಲ್ಲ, ವಾದ ಬೆಳೆಯಿತು. ಬೀಸುವ ಗಾಳಿ, ಸುಡುವ ಬಿಸಿಲು, ಅಟ್ಟುವ ನಾಯಿ ಇವಿಷ್ಟರ ನಡುವೆ ಭೂಮಿಯ ಆಯಸ್ಕಾಂತವನ್ನು ವಿಚಾರಿಸುವಷ್ಟು ಪುರಸೊತ್ತು ನಮ್ಮ ಚಿಂಕಾರಕ್ಕೆ ಇದ್ದೀತೆಂದು ನನಗೆ ಅನಿಸುವುದಿಲ್ಲ.

ನಮ್ಮ ಹಿರಿಯರು ಜಿಂಕೆಗೂ ಗಾಳಿಗೂ ಇರುವ ನಂಟನ್ನು ಬಹು ಹಿಂದೆಯೇ ಗುರುತಿಸಿದ್ದರು. ಅಷ್ಟದಿಕ್ಪಾಲಕರಲ್ಲಿ ವಾಯುದೇವನಿಗೆ ವಾಹನವಾಗಿ ಕೊಟ್ಟದ್ದು ಜಿಂಕೆಯನ್ನೇ. ಅಮರಕೋಶದಲ್ಲಿ ಒಂದು ಬಗೆಯ ಜಿಂಕೆಗೆ ‘ವಾತಮೃಗ’ವೆಂದೇ ಹೆಸರು. ಓಟದ ವೇಗಕ್ಕಾಗಿ ಹೀಗೆಂದರೆಂದು ಹೇಳುವುದು ವಾಡಿಕೆ. ಮಲಗಿದಾಗಲೂ ಆ ಹೆಸರು ಅದಕ್ಕೆ ಸಲ್ಲುತ್ತದೆ.

ಈಗ ಮುಖ್ಯವಾದ ಸಂಗತಿಗೆ ಬರೋಣ. ಗಾಳಿ ದಿನಕ್ಕೆ ಎರಡು ಸಲ ಮಗ್ಗುಲು ಬದಲಿಸುವುದಷ್ಟೇ ಅಲ್ಲ, ಋತುವಿಗೊಮ್ಮೆಯೂ ಬದಲಿಸುತ್ತದೆ. ಮುಂಗಾರಿನಲ್ಲಿ ಪಡುವಣ ಗಾಳಿ, ಹಿಂಗಾರಿನ ತರುವಾಯ ಮೂಡಣ ಗಾಳಿ. ಆಷಾಢದಲ್ಲಿ ಗಾಳಿಮರೆಯಾಗಿದ್ದ ಮಗ್ಗುಲು ಮಾರ್ಗಶಿರದಲ್ಲಿ ಗಾಳಿಯ ಬಾಯಿಗೆ ಬೀಳುತ್ತದೆ. ಬೇಸಗೆಯಲ್ಲಿ ತಾಪ 40 ಡಿಗ್ರಿ ದಾಟಿದಾಗ ಭದ್ರತೆಗಿಂತ ನೆರಳು ದೊಡ್ಡದಾಗುತ್ತದೆ. ಬಂಡೆಯ ನೆರಳು ಸರಿದಂತೆ ಪ್ರಾಣಿಯೂ ಎದ್ದು ಸರಿದು ಮತ್ತೆ ಮಲಗಬೇಕು. ಚಳಿಯ ಬೆಳಗಿನಲ್ಲಿ ಎಳೆಬಿಸಿಲು ಬೀಳುವ ಮಗ್ಗುಲು ಬೇಕು. ನಮ್ಮ ಕಡೆ ಹೊಟ್ಟೆಗಾಗಿ ಊರು ಬಿಟ್ಟು ಹೋಗುವುದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ಚಿಂಕಾರ ಒಂದೇ ಗುಡ್ಡದೊಳಗೆ ವರ್ಷವೆಲ್ಲ ಗುಳೆ ಹೋಗುತ್ತಿರುತ್ತದೆ. ಆದಕಾರಣ ಒಂದು ಪ್ರಾಣಿಗೆ ಒಂದು ಮಲಗುವ ಎಡೆ ಸಾಲದು, ಹತ್ತಿಪ್ಪತ್ತು ಬೇಕು. ಇಂದು ಖಾಲಿ ಕಾಣುವ ಇಳಿಜಾರು ಯಾರಿಗೂ ಬೇಡವಾದದ್ದಲ್ಲ, ಬೇರೊಂದು ಗಾಳಿಗಾಗಿ ಕಾದಿರಿಸಿದ್ದು.

ನಮ್ಮ ಕಾಗದಪತ್ರಗಳಲ್ಲಿ ಇಂಥ ನೆಲಕ್ಕೆ ಪಡ, ಬೀಳು, ಖರಾಬು ಎಂಬ ಹೆಸರುಗಳಿವೆ. ಉಳಲು ಬಾರದ್ದೆಲ್ಲ ಕೆಟ್ಟದ್ದು ಎಂಬ ಲೆಕ್ಕ. ಒಂದು ಮಗ್ಗುಲಿಗೆ ಕಲ್ಲಿನ ಗಣಿ ಬಂದರೆ, ಇನ್ನೊಂದಕ್ಕೆ ತಂತಿಬೇಲಿ ಬಂದರೆ, ಮಿಕ್ಕದ್ದು ಹಾಗೆಯೇ ಇದೆಯಲ್ಲ ಎಂದು ನಾವು ಸಮಾಧಾನಪಡುತ್ತೇವೆ. ಆದರೆ ಮಿಕ್ಕದ್ದು ಪಡುವಣ ಗಾಳಿಗೆ ಮಾತ್ರ ಒದಗುವ ಮಗ್ಗುಲಾಗಿದ್ದರೆ ಮೂಡಣ ಗಾಳಿ ಬೀಸುವ ತಿಂಗಳುಗಳಲ್ಲಿ ಪ್ರಾಣಿಗೆ ಮೂಗು ಇದ್ದೂ ಇಲ್ಲದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿ ಚಿಂಕಾರದ ಹೆಸರಿದೆ. ಕೊಂದವನಿಗೆ ಶಿಕ್ಷೆಯುಂಟು. ಮಲಗುವ ಎಡೆಯನ್ನು ಕಳೆದವನ ಲೆಕ್ಕ ಕಾಯಿದೆಯ ಕಣ್ಣಿಗೆ ಅಷ್ಟು ಸುಲಭವಾಗಿ ಬೀಳದು. ಧಾಮವೆಂದು ಗಡಿ ಹಾಕಿದ್ದರ ನಿಜವಾದ ಬೆಲೆ, ನನ್ನ ಮಟ್ಟಿಗೆ, ಕೋವಿಯನ್ನು ತಡೆದದ್ದಕ್ಕಿಂತ ಎಲ್ಲ ಮಗ್ಗುಲುಗಳನ್ನೂ ಒಟ್ಟಾಗಿ ಉಳಿಸಿದ್ದರಲ್ಲಿದೆ.

ಬೀದಿನಾಯಿಗಳ ಕಾಟ ಬೇರೆ. ತೋಳ ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತದೆ. ಊರ ಅನ್ನ ತಿಂದು ಬಂದ ನಾಯಿಗೆ ಹಸಿವು ಬೇಕಿಲ್ಲ, ಅಟ್ಟುವುದೇ ಆಟ. ಹಗಲೆಲ್ಲ ಎಬ್ಬಿಸಿ ಅಟ್ಟಿಸಿಕೊಂಡ ಪ್ರಾಣಿ ಸಿಕ್ಕದೆ ಉಳಿದರೂ ಮೆಲುಕಿಗೆ ಸಮಯವಿಲ್ಲದೆ ಬಳಲುತ್ತದೆ.

ಮರಿಯ ವಿಷಯವನ್ನು ಹೇಳದೆ ಮುಗಿಸಲಾಗದು, ಏಕೆಂದರೆ ಇಲ್ಲಿ ಒಳ್ಳೆಯ ಮನಸ್ಸಿನವರೇ ತಪ್ಪು ಮಾಡುತ್ತಾರೆ. ಹುಟ್ಟಿದ ಮರಿ ಮೊದಲ ದಿನಗಳಲ್ಲಿ ತಾಯಿಯ ಹಿಂದೆ ತಿರುಗುವುದಿಲ್ಲ, ಅಡಗಿ ಮಲಗುತ್ತದೆ. ಚಿಂಕಾರದ ಬಳಗದ ಮೃಗಗಳಲ್ಲಿ ಮರಿ ಅಡಗುವ ಎಡೆಯನ್ನು ತಾಯಿ ಆರಿಸುವುದಿಲ್ಲ. ಹಾಲು ಕುಡಿದ ಮೇಲೆ ಮರಿಯೇ ಒಂದಿಷ್ಟು ದೂರ ನಡೆದು, ಹುಲ್ಲಿನ ಬುಡವನ್ನೋ ಕಲ್ಲಿನ ಮಗ್ಗುಲನ್ನೋ ತಾನೇ ನೋಡಿಕೊಂಡು ಕುಸಿದು, ಕೊರಳನ್ನು ನೆಲಕ್ಕೆ ಚಾಚುತ್ತದೆ. ತಾಯಿ ದೂರದಿಂದ ನೋಡಿ ಆ ಸುತ್ತನ್ನು ಗುರುತಿಟ್ಟುಕೊಂಡು ಹೊರಟುಹೋಗುತ್ತದೆ. ಹತ್ತಿರ ನಿಂತರೆ ತನ್ನ ವಾಸನೆಯೇ ಮರಿಗೆ ಶತ್ರು. ಮರಿಯ ಮೈಯ ವಾಸನೆ ಅತ್ಯಲ್ಪ. ಅದರ ಮಲಮೂತ್ರವನ್ನೂ ತಾಯಿ ನೆಕ್ಕಿ ನುಂಗಿ, ಎಡೆಯನ್ನು ಗಾಳಿಗೆ ಏನೂ ಸಿಕ್ಕದಂತೆ ಶುದ್ಧವಾಗಿಡುತ್ತದೆ. ಇಂಥ ಮರಿಯನ್ನು ಕಂಡ ದಾರಿಹೋಕನು ಅಯ್ಯೋ, ತಬ್ಬಲಿ ಎಂದು ಮರುಗಿ ಎತ್ತಿಕೊಂಡು ಮನೆಗೆ ತಂದು ಆಕಳ ಹಾಲು ಹಾಕುತ್ತಾನೆ. ತಬ್ಬಲಿಯಾಗುವುದು ಆ ಗಳಿಗೆಯಲ್ಲಿಯೇ. ಎತ್ತದೆ ಬಿಟ್ಟು ದೂರ ಸರಿದರೆ ತಾಯಿ ಬಂದೇ ಬರುತ್ತದೆ, ಆದರೆ ಮನುಷ್ಯರು ನಿಂತಿರುವವರೆಗೂ ಬರುವುದಿಲ್ಲ.

ಯಡಹಳ್ಳಿಯಂಥ ದಿಬ್ಬಗಳಲ್ಲಿ ನಡೆಯುವಾಗ ಚಿಂಕಾರ ಕಣ್ಣಿಗೆ ಬೀಳದಿದ್ದರೂ ಅದರ ಎಡೆ ಸಿಕ್ಕೀತು. ಪೊದೆಯ ಬುಡದಲ್ಲಿಯೋ ಬಂಡೆಯ ಮರೆಯಲ್ಲಿಯೋ ಒಂದು ಮೊಳಕ್ಕಿಂತ ತುಸು ಉದ್ದದ, ಮೊಟ್ಟೆಯಾಕಾರದ ತಗ್ಗು. ದೊಡ್ಡ ಹರಳುಗಳನ್ನು ಗೊರಸಿನಿಂದ ಕೆರೆದು ಬದಿಗೆ ಸರಿಸಿದಂತಿರುತ್ತದೆ. ತುಸು ದೂರದಲ್ಲಿ, ಪದೇ ಪದೇ ಒಂದೇ ಕಡೆ ಹಾಕಿದ ಹಿಕ್ಕೆಯ ಗುಪ್ಪೆ. ಅದರ ಬದಿಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, ಮೂಗನ್ನು ಅಷ್ಟೇ ಎತ್ತರಕ್ಕೆ ಇಳಿಸಿ, ಒಂದು ಚಿಟಿಕೆ ಮಣ್ಣನ್ನು ಬೆರಳಿನಿಂದ ಬಿಟ್ಟು ನೋಡಬೇಕು. ಧೂಳು ಯಾವ ಕಡೆಗೆ ಹೋಗುವುದೋ ಆ ಕಡೆಗೆ ಕಣ್ಣೆತ್ತಿದರೆ, ನಾವು ಹತ್ತಿ ಬಂದ ಕಾಲುದಾರಿ ಬುಡದಿಂದ ತುದಿಯವರೆಗೆ ಸ್ಪಷ್ಟವಾಗಿ ಕಾಣುತ್ತಿರುತ್ತದೆ.